ಬಿಡಿಭಾಗ ತಂದು ಜೋಡಿಸಿದರೆ ಬಂದೂಕು. ಜೋಡಿಸುವ ಮುಂಚೆಯೇ ಜೈಲು!

ಗಂಗಾವತಿಯ ಲೇಥ್ ಅಂಗಡಿಗಳ ಕಡೆ ಒಂದು ಸುತ್ತು ಹಾಕಿ ಬಂದರೆ ಸಾಕು, ಈ ಊರಿನ ಕಸುಬುದಾರರ ಕೈಯಲ್ಲಿ ಆಗದ ಕೆಲಸವಿಲ್ಲ ಎಂಬುದು ಗೊತ್ತಾಗುತ್ತದೆ. ಅಕ್ಕಿ ಗಿರಣಿಯ ಶಾಫ್ಟು, ಟ್ರ್ಯಾಕ್ಟರಿನ ಪಿನ್ನು, ಪಂಪಿನ ಬುಶ್ಶು, ಏನು ಮುರಿದು ತಂದರೂ ಸಂಜೆಯೊಳಗೆ ಕಡೆದು ಕೊಟ್ಟು ಕಳಿಸುತ್ತಾರೆ. ಇಂಥ ಅಂಗಡಿಯ ಮುಂದೆ ಮೀಸೆ ಚಿಗುರದ ಹುಡುಗನೊಬ್ಬ ನಿಂತು, ಮೊಬೈಲು ಮುಂದೆ ಹಿಡಿದು, "ಅಣ್ಣಾ, ಇಂಥಾದ್ದೊಂದು ನಳಿಗಿ ಕಡದ ಕೊಡ್ತೀ ಏನು?" ಎಂದು ಕೇಳಿದರೆ ಈಗಿನ ಕಾಲದಲ್ಲಿ ಯಾರೂ ಆಶ್ಚರ್ಯಪಡಬೇಕಾಗಿಲ್ಲ. ಅಂಗಡಿಯವನು ನಕ್ಕು, "ಹೋಗಲೇ, ಸಾಲಿ ಕಲಿ" ಎಂದು ಅಟ್ಟಿದರೆ ಸರಿ. ನಗದೆ ಅಳತೆ ಕೇಳಿದನೋ, ಇಬ್ಬರ ಮನೆಯೂ ಹಾಳು.

ಮೊಬೈಲಿನಲ್ಲಿ ಹುಡುಗ ನೋಡಿದ್ದಾದರೂ ಏನು? ಅಮೆರಿಕದವನೊಬ್ಬ ತನ್ನ ಜೀವಮಾನದ ಮೊದಲ ರೈಫಲ್ಲನ್ನು ಮನೆಯಲ್ಲೇ ಜೋಡಿಸುವ ಚಿತ್ರ. ನಳಿಗೆ ಒಂದು ಕಂಪನಿಯದು, ಹಿಡಿ ಇನ್ನೊಂದರದು, ದುರ್ಬೀನು ಮತ್ತೊಂದರದು. ಯಾವುದು ಅಗ್ಗ, ಯಾವುದು ಬಾಳಿಕೆ, ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ನಮ್ಮ ಹೆಣ್ಣುಮಕ್ಕಳು ಇಳಕಲ್ಲ ಸೀರೆಗೆ ಕುಬಸದ ಖಣ ಹುಡುಕಿದ ಹಾಗೆ ಹುಡುಕುತ್ತಾನೆ. ಪಾರ್ಸೆಲ್ಲುಗಳು ಬಾಗಿಲಿಗೆ ಬರುತ್ತವೆ. ಊಟದ ಮೇಜಿನ ಮೇಲೆ ಹಾಸಿ ಎರಡು ಸಂಜೆಯಲ್ಲಿ ಕೆಲಸ ಮುಗಿಸುತ್ತಾನೆ. ನೋಡುವವರಿಗೆ ಸೈಕಲ್ಲು ಫಿಟ್ಟಿಂಗ್ ಮಾಡಿದಷ್ಟೇ ಸರಳ.

ಅದು ಅಮೆರಿಕದವನ ಊಟದ ಮೇಜು. ಕುಷ್ಟಗಿಯ ಅಟ್ಟವಲ್ಲ, ಯಲಬುರ್ಗಾದ ಪಡಸಾಲೆಯಲ್ಲ. ಈ ವ್ಯತ್ಯಾಸವನ್ನು ಹುಡುಗರಿಗೆ ಯಾರೂ ಹೇಳುತ್ತಿಲ್ಲ. ಮೇಷ್ಟ್ರುಗಳಿಗೆ ಗೊತ್ತಿಲ್ಲ, ಅಪ್ಪಂದಿರಿಗೆ ಪುರುಸೊತ್ತಿಲ್ಲ, ಪೊಲೀಸರು ಹೇಳುವುದು ಕೈಗೆ ಕೋಳ ಬಿದ್ದ ಮೇಲೆ.

ಕುದುರೆಯೂ ಬಂದೂಕೇ

ಮೊದಲು ಕಾಯಿದೆ ಏನು ಹೇಳುತ್ತದೆ ನೋಡಬೇಕು. 1959ರ ಆಯುಧ ಕಾಯಿದೆಯ 2ನೇ ಕಲಮಿನಲ್ಲಿ ಆಯುಧ ಎಂದರೆ ಏನು ಎಂಬ ವಿವರಣೆ ಇದೆ. ಇಡೀ ಬಂದೂಕು ಮಾತ್ರ ಆಯುಧವಲ್ಲ. ಅದರ ಬಿಡಿಭಾಗವೂ ಆಯುಧ, ಅದನ್ನು ತಯಾರಿಸುವ ಯಂತ್ರವೂ ಆಯುಧ. ಅಂದರೆ ನಳಿಗೆ ಒಂದು ಸಲ, ಎಳೆಯುವ ಕುದುರೆ ಇನ್ನೊಂದು ಸಲ ತರಿಸಿ, "ಇದು ಬಂದೂಕಲ್ರೀ ಸಾಹೇಬ್ರ, ಬರೇ ಕಬ್ಬಣ ಐತ್ರಿ" ಎಂದು ಠಾಣೆಯಲ್ಲಿ ವಾದಿಸಿದರೆ ಆ ವಾದ ಕೇಳುವವರಿಲ್ಲ. ಹುಡುಗ ಮೊದಲನೇ ಪಾರ್ಸೆಲ್ ಬಿಚ್ಚಿದಾಗಲೇ ಅಪರಾಧ ನಡೆದುಹೋಗಿರುತ್ತದೆ. ಹೊರದೇಶದಿಂದ ತರಿಸಿದರಂತೂ ಆಮದಿನ ಕಲಮು ಬೇರೆ, ಸುಂಕದವರ ತೊಡಕು ಬೇರೆ.

5ನೇ ಕಲಮು ತಯಾರಿಕೆಯದು. ಲೈಸೆನ್ಸಿಲ್ಲದೆ ಬಂದೂಕು ತಯಾರಿಸುವಂತಿಲ್ಲ, ಮಾರುವಂತಿಲ್ಲ, ದುರಸ್ತಿಯನ್ನೂ ಮಾಡುವಂತಿಲ್ಲ. ಆಯುಧ ಇಟ್ಟುಕೊಳ್ಳಲು ಜಿಲ್ಲಾಧಿಕಾರಿ ಕೊಡುವ ಲೈಸೆನ್ಸು ಬೇರೆ, ತಯಾರಿಸುವ ಲೈಸೆನ್ಸು ಬೇರೆ. ಮನೆಯಲ್ಲಿ ಲೈಸೆನ್ಸಿನ ಬಂದೂಕು ಇದ್ದವನೂ ತಾನೇ ಇನ್ನೊಂದನ್ನು ಜೋಡಿಸಿಕೊಳ್ಳುತ್ತೇನೆ ಎನ್ನುವ ಹಾಗಿಲ್ಲ. ಇದನ್ನು ಲೇಥ್ ಅಂಗಡಿಯವರು ಕಿವಿಗೊಟ್ಟು ಕೇಳಬೇಕು. "ಅವ ತಂದ, ನಾ ಕಡದ ಕೊಟ್ಟೆ, ಇನ್ನೂರು ರೂಪಾಯಿ ಇಸಗೊಂಡೆ" ಎಂಬುದು ಬಚಾವಾಗುವ ಮಾತಲ್ಲ, ಒಪ್ಪಿಕೊಂಡ ಮಾತು. 2019ರ ತಿದ್ದುಪಡಿಗೆ ಮುಂಚೆ ಈ ಅಪರಾಧಕ್ಕೆ 3 ವರ್ಷದಿಂದ 7 ವರ್ಷ ಇತ್ತು. ಈಗ ಕನಿಷ್ಠವೇ 7 ವರ್ಷ, ಗರಿಷ್ಠ ಜೀವಾವಧಿ. ಇನ್ನೂರು ರೂಪಾಯಿಯ ಕೆಲಸಕ್ಕೆ ಏಳು ವರ್ಷ!

ಅಮೆರಿಕದಲ್ಲಾದರೂ ಎಲ್ಲವೂ ಬಿಟ್ಟಿಯಾಗಿ ನಡೆಯುತ್ತದೆಂದು ತಿಳಿಯಬೇಕಾಗಿಲ್ಲ. ಅಲ್ಲಿ ಕಾಯಿದೆಯ ಕಣ್ಣಿಗೆ ಬಂದೂಕು ಎನಿಸಿಕೊಳ್ಳುವುದು ರಿಸೀವರ್ ಎಂಬ ಒಂದೇ ಭಾಗ, ಅಂದರೆ ಮಿಕ್ಕದ್ದನ್ನೆಲ್ಲ ಹಿಡಿದುಕೊಳ್ಳುವ ಎದೆಗೂಡು. ಅಂಗಡಿಯಲ್ಲಿ ಮಾರುವ ಆ ಭಾಗದ ಮೇಲೆ ನಂಬರು ಇರುತ್ತದೆ, ಕೊಳ್ಳುವವನ ಪೂರ್ವಾಪರ ವಿಚಾರಿಸುತ್ತಾರೆ. ಉಳಿದ ನಳಿಗೆ, ಹಿಡಿಗಳು ಕಿರಾಣಿ ಸಾಮಾನಿನ ಹಾಗೆ ಸಿಗುತ್ತವೆ. ಈ ಸಂದಿಯಲ್ಲಿ ಅರೆಬರೆ ಮಾಡಿದ ಭಾಗಗಳ ಪೊಟ್ಟಣ ಮಾರುವ ವ್ಯಾಪಾರ ಬೆಳೆಯಿತು. ನಂಬರೇ ಇಲ್ಲದ ಬಂದೂಕುಗಳು ಹುಟ್ಟಿಕೊಂಡವು. ಅಲ್ಲಿಯ ಜನ ಅವಕ್ಕೆ ದೆವ್ವದ ಬಂದೂಕು ಎಂದೇ ಹೆಸರಿಟ್ಟರು. ಕೊಲೆಯಾದ ಮೇಲೆ ಯಾರದೆಂದು ಹುಡುಕಲಾಗದೆ ಅಲ್ಲಿಯ ಪೊಲೀಸರು ಸುಸ್ತಾದರು. 2022ರಲ್ಲಿ ಅಂಥ ಪೊಟ್ಟಣಕ್ಕೂ ನಂಬರು ಬೇಕು, ವಿಚಾರಣೆ ಬೇಕು ಎಂದು ಸರ್ಕಾರ ನಿಯಮ ಮಾಡಿತು. 2025ರ ಮಾರ್ಚಿನಲ್ಲಿ ಅವರ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಬಂದೂಕನ್ನು ಮನೆದೇವರ ಹಾಗೆ ಪೂಜಿಸುವ ದೇಶದ ಕಥೆ ಇದು.

ಮನೆಯಲ್ಲಿ ಮಾಡಿದ ಬಂದೂಕು ಮಾಡಿದ ಅನಾಹುತಕ್ಕೆ ಅಷ್ಟು ದೂರ ಹೋಗುವುದೂ ಬೇಡ. 2022ರ ಜುಲೈ 8ರಂದು ಜಪಾನಿನ ನಾರಾ ಪಟ್ಟಣದಲ್ಲಿ ಮಾಜಿ ಪ್ರಧಾನಿ ಶಿಂಜೊ ಅಬೆ ಅವರನ್ನು ಕೊಂದದ್ದು ಮನೆಯಲ್ಲಿ ಜೋಡಿಸಿದ ಬಂದೂಕು. ಅದು ದೂರದ ಮಾತಾಯಿತೇ? ಧಾರವಾಡ ಹತ್ತಿರವೇ ಇದೆ. 2015ರ ಆಗಸ್ಟ್ 30ರ ಬೆಳಿಗ್ಗೆ ಡಾ. ಎಂ.ಎಂ. ಕಲಬುರ್ಗಿ ಅವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ತಮ್ಮ ಮನೆಯ ಮುಂದೆ ಬಿದ್ದರು. ಎರಡಕ್ಕೂ ಬಳಕೆಯಾದದ್ದು 7.65 ಮಿಲಿಮೀಟರಿನ ನಾಡ ಪಿಸ್ತೂಲು, ಅದೂ ಒಂದೇ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯದ ಪರೀಕ್ಷೆ ಹೇಳಿತು. ಅದನ್ನು ಎಲ್ಲೋ ಒಬ್ಬ ಕಸುಬುದಾರ ಕೂತು ಅರೆದು ಉಜ್ಜಿ ಮಾಡಿರಬೇಕಲ್ಲ? ಕೂಲಿ ಇಸಗೊಂಡಿರಬೇಕಲ್ಲ?

ಇನ್ನು ಸ್ವಂತ ಕೈಯ ಗತಿ. ಕಾರ್ಖಾನೆಯಲ್ಲಿ ತಯಾರಾದ ಬಂದೂಕನ್ನು ಮಾರಾಟಕ್ಕೆ ಬಿಡುವ ಮುಂಚೆ ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿದ ಗುಂಡು ಹಾರಿಸಿ, ನಳಿಗೆ ತಡೆಯುತ್ತದೋ ಸೀಳುತ್ತದೋ ಎಂದು ಪರೀಕ್ಷಿಸಿ, ಗುರುತು ಒತ್ತಿ ಕಳಿಸುತ್ತಾರೆ. ಬಂಗಾಳದ ಇಚ್ಛಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲ್ಲಿಗೂ ಈ ಪರೀಕ್ಷೆ ತಪ್ಪಿದ್ದಲ್ಲ. ಬಂದೂಕಿನ ಕಸುಬಿಗೆ ಮೀರ್ ಖಾಸಿಮನ ಕಾಲದಿಂದ ಹೆಸರಾದ ಬಿಹಾರದ ಮುಂಗೇರಿನ ಲೈಸೆನ್ಸುದಾರರ ಮಾಲಿಗೂ ತಪ್ಪಿದ್ದಲ್ಲ. ನೀರಿನ ಪೈಪು ಕತ್ತರಿಸಿ ಮಾಡಿದ ನಳಿಗೆಗೆ ಯಾವ ಪರೀಕ್ಷೆ? ಅದರ ಮೊದಲ ಪರೀಕ್ಷೆ ನಡೆಯುವುದು ಹಾರಿಸಿದವನ ಕೆನ್ನೆಯ ಪಕ್ಕದಲ್ಲಿ. ಸಿಡಿದರೆ ಬೆರಳು ಹೋಗುತ್ತವೆ, ಕಣ್ಣು ಹೋಗುತ್ತದೆ. ಆಸ್ಪತ್ರೆಗೆ ಹೋದರೆ ಪೊಲೀಸು, ಹೋಗದಿದ್ದರೆ ನಂಜು.

2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಭೋಪಾಲ ಮತ್ತು ಸುತ್ತಿನ ಊರುಗಳಲ್ಲಿ ಪೈಪಿನ ಕಾರ್ಬೈಡ್ ಗನ್ನು ಎಂಬ ಆಟಿಕೆಯಿಂದ ನೂರಕ್ಕೂ ಹೆಚ್ಚು ಮಂದಿ, ಹೆಚ್ಚಾಗಿ ಮಕ್ಕಳು, ಕಣ್ಣಿಗೆ ಪೆಟ್ಟು ಮಾಡಿಕೊಂಡರು. ಕೆಲವರ ದೃಷ್ಟಿಯೇ ಹೋಯಿತು. ಅದೂ ಮೊಬೈಲಿನಲ್ಲಿ ನೋಡಿ ಕಲಿತ ವಿದ್ಯೆಯೇ. ಮಂಗ ಬೆದರಿಸಲು, ಹಕ್ಕಿ ಓಡಿಸಲು ಎಂದು ಹೊಲಗಳಲ್ಲಿ ಹುಟ್ಟಿಕೊಂಡ ಸಾಮಾನು ಮಕ್ಕಳ ಕೈಗೆ ಹೋಗಲು ಒಂದು ಹಬ್ಬ ಸಾಕಾಯಿತು.

ಹೊಲ ಕಾಯುವವನ ಮಾತೇ ಬೇರೆ

ಇಷ್ಟೆಲ್ಲ ಹೇಳಿದ್ದು ಷೋಕಿಯ ಹುಡುಗರಿಗೆ. ಆದರೆ ಈ ಜಿಲ್ಲೆಯಲ್ಲಿ ಬಂದೂಕಿನ ಮಾತು ಎತ್ತುವವರೆಲ್ಲ ಷೋಕಿಯವರಲ್ಲ. ಯಲಬುರ್ಗಾ, ಕುಕನೂರು ಕಡೆಯ ಎರಿ ಹೊಲದಲ್ಲಿ ಕಡ್ಲಿ ಎರಡೆಲೆ ಬಿಟ್ಟರೆ ಸಾಕು, ಜಿಂಕೆಯ ಹಿಂಡು ಇಳಿಯುತ್ತದೆ. ಜಿಂಕೆ ಎಂದು ಜನ ಅನ್ನುವುದು ಕೃಷ್ಣಮೃಗವನ್ನು. ಚಿಗುರು ಮೇಯ್ದದ್ದಕ್ಕಿಂತ ತುಳಿದು ಹಾಳು ಮಾಡಿದ್ದೇ ಹೆಚ್ಚು. ಕುಷ್ಟಗಿ ಸೀಮೆಯ ಮಸಾರಿಯಲ್ಲಿ ಶೇಂಗಾ, ಮೆಕ್ಕೆಜೋಳಕ್ಕೆ ಹಂದಿ. ಕೊಪ್ಪಳ ತಾಲೂಕಿನ ಇರಕಲ್ಲಗಡದ ಗುಡ್ಡಗಳ ಕಡೆ ಕರಡಿ. ಆನೆಗೊಂದಿಯ ಬೆಟ್ಟಸಾಲಿನಲ್ಲಿ ಚಿರತೆ. 2020ರಲ್ಲಿ ಅಲ್ಲಿನ ದುರ್ಗಾದೇವಿ ಗುಡಿಯ ಬಳಿ ಚಿರತೆ ಒಬ್ಬ ಯುವಕನನ್ನು ಕೊಂದದ್ದು ಜನ ಮರೆತಿಲ್ಲ. ಗಂಗಾವತಿ ಕಡೆಯ ಬಂಕಾಪುರದಲ್ಲಿ ತೋಳಕ್ಕೊಂದು ಧಾಮವೇ ಆಗಿದೆ. ಕೊಪ್ಪಳ ಎಂದರೆ ಬರೀ ಬಂಡೆ ಎನ್ನುವವರು ಒಂದು ರಾತ್ರಿ ಇಲ್ಲಿಯ ಅಟ್ಟಣಿಗೆಯ ಮೇಲೆ ಮಲಗಿ ನೋಡಬೇಕು.

"ಬ್ಯಾಂಕಿನ ಸಾಲ ತಂದು ಬಿತ್ತೀವ್ರಿ, ಗೊಬ್ಬರ ಹಾಕೀವ್ರಿ. ಜ್ವಾಳ ಹಾಲಗಾಳಿಗೆ ಬಂದಾಗ ಒಂದ ರಾತ್ರ್ಯಾಗ ಹಂದಿ ಮುಗಸ್ತಾವ್ರಿ. ಕವಣಿ ಬೀಸಬೇಕೋ, ತಗಡ ಬಡೀಬೇಕೋ, ಹೊಲದಾಗ ಸಾಯಬೇಕೋ?" ಎಂದು ರೈತ ಕೇಳಿದರೆ ಅವನ ಬಾಯಿ ಮುಚ್ಚಿಸಲು 25ನೇ ಕಲಮು ಓದಿ ಹೇಳಿದರೆ ಸಾಲದು. ಅವನಿಗೆ ನ್ಯಾಯವಾದ ಉತ್ತರ ಬೇಕು. ಅದು ಕಾಯಿದೆಯಲ್ಲೇ ಇದೆ.

1959ರ ಕಾಯಿದೆಯ 13ನೇ ಕಲಮು ಬೆಳೆ ರಕ್ಷಣೆ ಎಂಬ ಮಾತನ್ನು ಹೆಸರಿಟ್ಟೇ ಹೇಳಿದೆ. ನಿಜವಾದ ಬೆಳೆ ರಕ್ಷಣೆಗೆಂದು ಬಾಯಿಯಿಂದ ಮದ್ದು ತುಂಬುವ ನಾಡ ಬಂದೂಕಿಗೆ ಅರ್ಜಿ ಹಾಕಿದರೆ ಅಧಿಕಾರಿ ಲೈಸೆನ್ಸು ಕೊಡತಕ್ಕದ್ದು. ಕೊಡಬಹುದು ಎಂದಲ್ಲ, ಕೊಡತಕ್ಕದ್ದು. ಅದು ಸಾಲದೆಂದು ಅವರಿಗೆ ಮನವರಿಕೆಯಾದರೆ ಬೇರೆ ನಯನಳಿಗೆಯ ಬಂದೂಕಿಗೂ ಕೊಡಬಹುದು. ಹುಚ್ಚು ಹಿಡಿದವರು, ಶಿಕ್ಷೆಯಾದವರು, ಶಾಂತಿ ಕದಡುವವರು, ಇಂಥವರಿಗೆ ಕೊಡಬಾರದು ಎಂಬುದು ಸರಿಯೇ. ಆದರೆ 14ನೇ ಕಲಮಿನಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸು ನಿರಾಕರಿಸುವಂತಿಲ್ಲ. ನಿರಾಕರಿಸಿದರೆ ಕಾರಣ ಬರೆದಿಡಬೇಕು. ಕೇಳಿದರೆ, ಸಾರ್ವಜನಿಕ ಹಿತಕ್ಕೆ ಅಡ್ಡಿಯಿಲ್ಲದಿದ್ದರೆ, ಸಂಕ್ಷಿಪ್ತವಾಗಿ ತಿಳಿಸಬೇಕು. ಮೇಲ್ಮನವಿಯ ಹಕ್ಕೂ ಉಂಟು. 2016ರ ನಿಯಮಗಳು ಬಂದ ಮೇಲೆ ಪೊಲೀಸು ವರದಿಗೂ ವಾಯಿದೆ ಇದೆ.

ಕಾಯಿದೆ ಹೀಗಿರುವಾಗ ಎರಡೆಕರೆ ಮಸಾರಿಯ ರೈತ ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತಲು ಹಿಂಜರಿಯುವುದೇಕೆ? ಲೈಸೆನ್ಸು ಎಂಬುದು ಧಣಿಗಳಿಗೆ, ರಾಜಕಾರಣಿಗಳಿಗೆ, ಕಂತ್ರಾಟುದಾರರಿಗೆ ಎಂಬ ಭಾವನೆ ಜನರಲ್ಲಿ ಬೇರೂರಿದೆ. ಮದುವೆ ಮೆರವಣಿಗೆಯಲ್ಲಿ ಆಕಾಶಕ್ಕೆ ಗುಂಡು ಹಾರಿಸುವವರನ್ನು ನೋಡಿದರೆ ಆ ಭಾವನೆ ಸುಳ್ಳೆನ್ನಲು ಬಾಯಿ ಬರುವುದಿಲ್ಲ. ಅಂಥ ಗುಂಡಿಗೂ 2019ರ ತಿದ್ದುಪಡಿಯಲ್ಲಿ 2 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ ಇಟ್ಟಿದ್ದಾರೆ. ಧಣಿಗೆ ಆ ಕಲಮು ಹಾಕುವ ಫೌಜುದಾರರು ಎಲ್ಲಿದ್ದಾರೋ!

ಚುನಾವಣೆಯ ಹೊತ್ತಿನ ಕಿರಿಕಿರಿ ಬೇರೆ. ತಾರೀಖು ಗೊತ್ತಾದೊಡನೆ ಬಂದೂಕು ತಂದು ಠಾಣೆಯಲ್ಲಿಡಿ ಎಂದು ಹೇಳಿಕಳಿಸುತ್ತಾರೆ. ಯಾರ ಬಂದೂಕು ಇಡಿಸಿಕೊಳ್ಳಬೇಕು, ಯಾರದು ಬೇಡ ಎಂದು ನೋಡಲು ಪರಿಶೀಲನಾ ಸಮಿತಿ ಎಂಬುದೊಂದಿದೆ. ಆದರೆ ಎಲ್ಲರಿಗೂ ಒಂದೇ ಕೋಲು ಬೀಸುವುದು ಸುಲಭದ ದಾರಿ. ಹಂದಿಗೇನು ನೀತಿ ಸಂಹಿತೆ ಇದೆಯೇ?

ಲೈಸೆನ್ಸು ಸಿಕ್ಕರೂ ರೈತ ಎಚ್ಚರದಲ್ಲಿರಬೇಕಾದ ಸಂಗತಿ ಒಂದುಂಟು. ಬಂದೂಕಿನ ಲೈಸೆನ್ಸು ಬೇಟೆಯ ಲೈಸೆನ್ಸಲ್ಲ. ಕೃಷ್ಣಮೃಗ, ಕರಡಿ, ಚಿರತೆ, ತೋಳ ಎಲ್ಲವೂ 1972ರ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲಿವೆ. ಹೊಡೆದರೆ 3ರಿಂದ 7 ವರ್ಷ ಸಜೆ. 2022ರ ತಿದ್ದುಪಡಿಯ ಮೇಲೆ ದಂಡ ಕನಿಷ್ಠ 25 ಸಾವಿರ. ಹಂದಿ ಬೆಳೆ ಹಾಳು ಮಾಡಿದರೂ ಅರಣ್ಯ ಇಲಾಖೆಯ ಲಿಖಿತ ಅನುಮತಿಯಿಲ್ಲದೆ ಹೊಡೆಯುವಂತಿಲ್ಲ. ಮೈಮೇಲೆ ಬಿದ್ದ ಪ್ರಾಣಿಯಿಂದ ತನ್ನ ಅಥವಾ ಇನ್ನೊಬ್ಬರ ಜೀವ ಉಳಿಸಿಕೊಳ್ಳಲು ಒಳ್ಳೆಯ ಮನಸ್ಸಿನಿಂದ ಹೊಡೆದರೆ ಅಪರಾಧವಲ್ಲ ಎಂದು 11ನೇ ಕಲಮು ಹೇಳುತ್ತದೆ. ಆದರೆ ಬೇಟೆಗೆ ಹೋಗಿ ಕರಡಿ ಮೈಮೇಲೆ ಬಂತು ಎಂದವನಿಗೆ ಆ ರಕ್ಷಣೆ ಇಲ್ಲ. ಹಾಗಾಗಿ ಹೊಲದ ಬಂದೂಕಿನ ಕೆಲಸ ಮುಕ್ಕಾಲುಪಾಲು ಸಪ್ಪಳ ಮಾಡುವುದೇ. ಸಪ್ಪಳಕ್ಕಾಗಿ ಏಳು ವರ್ಷದ ಅಪಾಯ ಹೊತ್ತು ಕಳ್ಳ ನಳಿಗೆ ಕಡೆಸುವುದು ಎಂಥ ಲೆಕ್ಕಾಚಾರ?

ಇದಕ್ಕಿಂತ ಕೆಟ್ಟದ್ದು ಸಿಡಿಮದ್ದು. ಹಂದಿಗೆಂದು ಇಟ್ಟದ್ದನ್ನು ದನ ಕಚ್ಚಿ ದವಡೆ ಸಿಡಿದ ಸುದ್ದಿ ರಾಜ್ಯದ ಒಂದಲ್ಲ ಒಂದು ಮೂಲೆಯಿಂದ ಬರುತ್ತಲೇ ಇರುತ್ತದೆ. ಹಾಲು ಕೊಡುವ ಆಕಳು ಮೇವು ನುಂಗಲಾಗದೆ ನಾಲ್ಕು ದಿನ ನಿಂತು ಸಾಯುವುದನ್ನು ನೋಡಿದವರು ಇನ್ನೊಮ್ಮೆ ಅದರ ಹೆಸರೆತ್ತಲಾರರು. ಬೆಳೆ ಉಳಿಸುವ ದಾರಿ ಸೌರಬೇಲಿಗೆ ಸಹಾಯಧನ, ಸಕಾಲಕ್ಕೆ ಪರಿಹಾರ, ಜಿಂಕೆಗೆ ಬೇರೆ ಹುಲ್ಲುಗಾವಲು, ಇವುಗಳಲ್ಲಿದೆ. ಜಿಂಕೆ ವನದ ಮಾತು ಎಷ್ಟು ವರ್ಷದಿಂದ ಕೇಳುತ್ತಿರುವುದು! ಪರಿಹಾರದ ಅರ್ಜಿಗೆ ಉತ್ತರ ಬರುವಷ್ಟರಲ್ಲಿ ಮತ್ತೊಂದು ಹಂಗಾಮು ಬಂದಿರುತ್ತದೆ.

ಕೊಪ್ಪಳ ಕೋಟೆಗೆ ಗೊತ್ತಿದ್ದ ಸಂಗತಿ

ಸರ್ಕಾರಕ್ಕೂ ಜನರ ಬಂದೂಕಿಗೂ ಈ ಸೀಮೆಯಲ್ಲಿ ಹಳೆಯ ಲೆಕ್ಕವಿದೆ. 1857ರಲ್ಲಿ ಕುಂಪಣಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯಿದೆ ತಂದು ಜನ ತಮ್ಮ ಆಯುಧ ಒಪ್ಪಿಸಬೇಕು ಎಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡೆವು ಎಂದರು. ಬೇಟೆ, ಕಾವಲು, ಮಾನ ಎಲ್ಲವೂ ಆ ಕೋವಿ ಕತ್ತಿಯಲ್ಲಿತ್ತು. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ ಹಿಡಿದವರನ್ನು ಮುಧೋಳದಲ್ಲೂ ಹಲಗಲಿಯಲ್ಲೂ ನೇಣಿಗೇರಿಸಿದರು. ಆ ಕಥೆ ಲಾವಣಿಯಾಗಿ ಈ ಕಡೆಯವರ ಬಾಯಲ್ಲಿ ಉಳಿಯಿತು.

ಮರುವರ್ಷ ಮುಂಡರಗಿ ಭೀಮರಾಯರು ಮತ್ತು ಹಮ್ಮಿಗಿ ಕೆಂಚನಗೌಡರ ಸರದಿ. ಹಮ್ಮಿಗಿಯಲ್ಲಿ ಬಚ್ಚಿಟ್ಟ ಆಯುಧ ಸರ್ಕಾರದವರ ಕೈಗೆ ಸಿಕ್ಕಿತು. ದಂಗೆ ಸಮಯಕ್ಕೆ ಮುಂಚೆಯೇ ಸಿಡಿಯಿತು. ಡಂಬಳದ ಖಜಾನೆ ಲೂಟಿ ಮಾಡಿ ಇವರು ಬಂದು ಹಿಡಿದದ್ದು ಇದೇ ಕೊಪ್ಪಳದ ಕೋಟೆ. 1858ರ ಜೂನ್ ಆರಂಭದಲ್ಲಿ ಇಬ್ಬರೂ ಇಲ್ಲೇ ಕಾದಾಡಿ ಬಿದ್ದರು. ಅದೇ ಕೋಟೆಯನ್ನು 1819ರಲ್ಲಿ ವೀರಪ್ಪ ಹಿಡಿದಿದ್ದ. 1948ರಲ್ಲಿ ರಜಾಕಾರರ ಬಂದೂಕಿಗೆ ಹೆದರಿ ಈ ಭಾಗದ ಜನ ಮುಂಡರಗಿ, ಗಜೇಂದ್ರಗಡದ ಕಡೆ ಗಡಿ ದಾಟಿ ಓಡಿದ್ದು ಅಜ್ಜಂದಿರ ಬಾಯಿಂದ ಕೇಳಿದವರು ಇನ್ನೂ ಇದ್ದಾರೆ.

ಈ ಹೆಸರುಗಳನ್ನು ಹೇಳಿ ಇವತ್ತಿನ ಕಳ್ಳ ಬಂದೂಕಿಗೆ ಹಾರ ಹಾಕುವ ಮಂದಿಯೂ ಇದ್ದಾರೆ. ಅದು ತಪ್ಪು. ಹಲಗಲಿಯವರ ಕೋವಿ ಬಚ್ಚಿಟ್ಟು ಮಾಡಿದ್ದಲ್ಲ, ಊರೆಲ್ಲ ಬಲ್ಲ ಕೋವಿ. ಅವರು ಎದುರಿಸಿದ್ದು ಪರದೇಶದವರು ಜನರನ್ನು ಬರಿಗೈ ಮಾಡಲು ತಂದ ಕಾಯಿದೆಯನ್ನು. ಸ್ವತಂತ್ರ ಭಾರತ 1878ರ ಬ್ರಿಟಿಷ್ ಕಾಯಿದೆ ತೆಗೆದು 1959ರದನ್ನು ತಂದದ್ದೇ, ಕಾನೂನು ಪಾಲಿಸುವ ನಾಗರಿಕನಿಗೆ ಲೈಸೆನ್ಸು ಸಲೀಸಾಗಲಿ ಎಂಬ ಉದ್ದೇಶವನ್ನೂ ಇಟ್ಟುಕೊಂಡು. ಆ ಉದ್ದೇಶ ಕಚೇರಿಯ ಕಪಾಟಿನಲ್ಲಿ ಕೂತಿದೆ ಎಂಬುದೇ ತಕರಾರು.

ಕೊಡಗಿನ ಉದಾಹರಣೆ ಕೊಡುವವರೂ ಉಂಟು. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ರಾಜ್ಯ ಹೈಕೋರ್ಟು ಎತ್ತಿಹಿಡಿಯಿತು. "ಅವರಿಗೆ ಐತಿ, ನಮಗ್ಯಾಕಿಲ್ಲ?" ಎಂಬ ಪ್ರಶ್ನೆ ಕೇಳಲು ಚೆನ್ನ. ಆದರೆ ಆ ವಿನಾಯಿತಿ ಇಟ್ಟುಕೊಳ್ಳುವುದಕ್ಕೆ, ಮನೆಯಲ್ಲಿ ಜೋಡಿಸುವುದಕ್ಕಲ್ಲ. ಅಲ್ಲಿಯ ಕೋವಿಗೆ ಹುಟ್ಟಿನಿಂದ ಸಾವಿನವರೆಗೆ ಮನೆತನದ ರೀತಿ ರಿವಾಜುಗಳ ಕಾವಲಿದೆ.

ಕಾವಲಿಲ್ಲದ ಬಂದೂಕು ಈ ಜಿಲ್ಲೆಯ ವಾಡೆಗಳಲ್ಲಿ, ಗೌಡಕಿ ಮನೆಗಳಲ್ಲಿ ಇಲ್ಲವೆನ್ನಲಾಗದು. ಅಜ್ಜನ ಹೆಸರಿನ ಲೈಸೆನ್ಸು, ಅಜ್ಜ ತೀರಿ ಇಪ್ಪತ್ತು ವರ್ಷ, ತುಕ್ಕು ಹಿಡಿದ ಕೋವಿ ಮಾತ್ರ ನಾಗಂದಿಗೆಯ ಮೇಲೆ. ಮಕ್ಕಳಿಗೆ ಅದು ಅಜ್ಜನ ನೆನಪು. ಕಾಯಿದೆಗೆ ಅದು ಲೈಸೆನ್ಸಿಲ್ಲದ ಆಯುಧ. ಲೈಸೆನ್ಸುದಾರ ತೀರಿಕೊಂಡರೆ ವಾರಸುದಾರರು ತಡಮಾಡದೆ ಪೊಲೀಸು ಠಾಣೆಯಲ್ಲೋ ಲೈಸೆನ್ಸುಳ್ಳ ವ್ಯಾಪಾರಿಯಲ್ಲೋ ಠೇವಣಿ ಇಟ್ಟು, ಬೇಕಿದ್ದರೆ ತಮ್ಮ ಹೆಸರಿಗೆ ಅರ್ಜಿ ಹಾಕಬೇಕು ಎಂಬುದು 21ನೇ ಕಲಮಿನ ತಾತ್ಪರ್ಯ. ಮೊಮ್ಮಗ ಆ ಕೋವಿಯನ್ನೇ ತಂದು "ಇದರ ಕುದುರಿ ಒಂದ್ ಸರಿ ಮಾಡಿಕೊಡ್ರಿ" ಎಂದು ಕಮ್ಮಾರಸಾಲಿಗೆ ಹೋದನೆಂದರೆ, ಮೇಲೆ ಹೇಳಿದ ದುರಸ್ತಿಯ ಮಾತು ನೆನಪಿರಲಿ.

ಇನ್ನು ಆ ಮೊಬೈಲಿನ ಹುಡುಗ. ಅವನನ್ನು ಬೈದರೆ ಆಸೆ ಹೋಗುವುದಿಲ್ಲ. ಯಂತ್ರದ ಮೇಲಿನ ಪ್ರೀತಿ, ಗುರಿಯ ಮೇಲಿನ ಪ್ರೀತಿ ತಪ್ಪೇನಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಪಿಸ್ತೂಲು ಹಿಡಿದು 2016ರ ರಿಯೊ ಒಲಿಂಪಿಕ್ಸಿಗೆ ಹೋದರು. ಹತ್ತು ಮೀಟರಿನ ಗಾಳಿ ರೈಫಲ್ಲಿನ ಸ್ಪರ್ಧೆಗೆ ಬೇಕಾದದ್ದು ಉದ್ದನೆಯ ಒಂದು ಕೋಣೆ, ಗಟ್ಟಿ ಗೋಡೆ, ಕಾಗದದ ಗುರಿ, ಕಲಿಸುವ ಒಬ್ಬ ಮನುಷ್ಯ. ಎನ್‌ಸಿಸಿ ಹುಡುಗರಿಗೆ .22 ರೈಫಲ್ಲು ಹಿಡಿಸಿ ಕಲಿಸುವ ಪದ್ಧತಿ ಉಂಟು. ತಾಲೂಕು ಕ್ರೀಡಾಂಗಣಗಳಲ್ಲಿ ಕಾಮಗಾರಿಯ ಹೆಸರಿನಲ್ಲಿ ಸುರಿದ ಸಿಮೆಂಟಿನಲ್ಲಿ ಇಂಥ ನಾಲ್ಕು ಕೋಣೆ ಎದ್ದಿದ್ದರೆ ಯಾರ ಗಂಟು ಹೋಗುತ್ತಿತ್ತು? ಕಡೆಯುವ ಕೈ ಇದ್ದವನಿಗೆ ಐಟಿಐ ಇದೆ, ಗಿಣಿಗೇರಿಯ ಉಕ್ಕಿನ ಕಾರ್ಖಾನೆಗಳಿವೆ, ಕಿನ್ನಾಳದ ಮರದ ಗೊಂಬೆಯ ಕಸುಬೂ ಇದೆ. ಗೊಂಬೆ ಎಂದರೆ ಇವತ್ತಿನ ಹುಡುಗರು ಮೂಗು ಮುರಿಯುತ್ತಾರೆ, ಆ ಮಾತು ಬೇರೆ.

ಅಧಿಕಾರಿಗಳಿಂದ ಆಗಬೇಕಾದದ್ದು ದೊಡ್ಡ ಕೆಲಸವೇನಲ್ಲ. ಬೆಳೆ ರಕ್ಷಣೆಯ ಲೈಸೆನ್ಸಿಗೆ ಈ ವರ್ಷ ಎಷ್ಟು ಅರ್ಜಿ ಬಂದವು, ಎಷ್ಟು ಕೊಟ್ಟರು, ಎಷ್ಟು ತಿರಸ್ಕಾರ, ಯಾವ ಕಾರಣಕ್ಕೆ, ಎಂಬುದನ್ನು ತಾಲೂಕುವಾರು ಬರೆದು ಕೊಪ್ಪಳದ ಜಿಲ್ಲಾಡಳಿತ ಭವನದಲ್ಲೂ ಗಂಗಾವತಿ, ಕುಷ್ಟಗಿ, ಯಲಬುರ್ಗಾದ ತಹಶೀಲ ಕಚೇರಿಗಳಲ್ಲೂ ಒಂದು ಫಲಕ ಹಾಕಲಿ. ಅರ್ಜಿ ಬರೆಯುವುದು ಹೇಗೆಂದು ಕನ್ನಡದಲ್ಲಿ ನಾಲ್ಕು ಸಾಲು ಇರಲಿ. ಕಂಪ್ಯೂಟರಿನಲ್ಲಿ ಇಂಗ್ಲಿಷು ತುಂಬಿಸಲು ಏಜೆಂಟನ ಕೈಗೆ ಸಾವಿರ ಇಡುವುದು ತಪ್ಪಲಿ. ಹಿಂಗಾರಿ ಜೋಳ ತೆನೆ ಹಿಡಿಯುವ ಮುಂಚೆ ಇದಾಗಬೇಕು, ಆಮೇಲೆ ಆದರೆ ಹಂದಿಗೆ ಉಪಕಾರ. ಅದೇ ಫಲಕದ ಕೆಳಗೆ, ಕಳ್ಳ ನಳಿಗೆ ಕಡೆದರೆ ಎಷ್ಟು ವರ್ಷ ಎಂಬುದನ್ನೂ ದಪ್ಪಕ್ಷರದಲ್ಲಿ ಬರೆಸಲಿ. ಲೇಥ್ ಅಂಗಡಿಯವರು ಒಂದೊಂದು ಪ್ರತಿ ತಂದು ಮಷೀನಿನ ಮೇಲೆ ಅಂಟಿಸಿಕೊಂಡಾರು.